ಅಡ್ಡ ನೆರಿಗೆ

ನೆರಿಗೆ ಮಾಸ್ಟ್ರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಅಂತ ತಿಳಿಯುವುದಕ್ಕೆ ನಾನು ಮಹಡಿ ಹತ್ತಬೇಕಾಗಿರಲಿಲ್ಲ. ನನ್ನ ಜೆರಾಕ್ಸ್ ಅಂಗಡಿಯ ನೆತ್ತಿಯ ಮೇಲೇ ಅವರ ಹೊಲಿಗೆ ಮಿಷನ್ನು. ಅದು ಒಂದೇ ಸಮನೆ ಓಡುತ್ತಿದ್ದರೆ ಮನುಷ್ಯ ನೆಮ್ಮದಿಯಾಗಿದ್ದಾರೆ ಅಂತ ಲೆಕ್ಕ. ಎರಡು ಗೇಣು ಓಡಿ ನಿಂತು, ಮತ್ತೆ ಎರಡು ಗೇಣು ಓಡಿ ನಿಂತು, ಆಮೇಲೆ ಕತ್ತರಿ ಮೇಜಿನ ಮೇಲೆ ಠಣ್ ಅಂತ ಬಿದ್ದರೆ, ಯಾರೋ ನೃತ್ಯದವರು ಬಂದು ತಲೆ ತಿಂದು ಹೋಗಿದ್ದಾರೆ ಅಂತ ಅರ್ಥ.

ಅವರ ತಂದೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವರು. ಇವರೂ ಚಡ್ಡಿ, ಅಂಗಿಯಲ್ಲೇ ಕೈ ಪಳಗಿಸಿಕೊಂಡರು. ಇವರಿಗೆ ಇಪ್ಪತ್ತಾರು ತುಂಬಿದಾಗ ವಯಸ್ಸಾದ ಭರತನಾಟ್ಯದ ಟೀಚರಮ್ಮ ಒಬ್ಬರು ಹರಿದ ಉಡುಪೊಂದನ್ನು ತಂದು, ಸಂಜೆಯೊಳಗೆ ಸರಿ ಮಾಡಿಕೊಡಿ ಅಂತ ಮೇಜಿನ ಮೇಲೆ ಹಾಕಿದರಂತೆ. ಮಾಸ್ಟ್ರು ಅದನ್ನು ಪೂರಾ ಬಿಚ್ಚಿ, ಒಳಗೆ ಯಾವ ಹೊಲಿಗೆ ಯಾವುದನ್ನು ಹಿಡಿದುಕೊಂಡಿದೆ ಅಂತ ನೋಡಿ, ತಿರುಗಿ ಹೊಲಿದು ಕೊಟ್ಟರು. ಆ ಟೀಚರಮ್ಮ ಉಡುಪು ತೊಟ್ಟು ಅಂಗಡಿಯಲ್ಲೇ ಒಂದು ಸಲ ಅರೆಮಂಡಿಗೆ ಕೂತರು. ಮೊಣಕಾಲು ಎರಡನ್ನೂ ಪಕ್ಕಕ್ಕೆ ತಿರುಗಿಸಿ ಅರ್ಧ ಇಳಿಯುವ ಆ ನಿಲುವಿನಲ್ಲಿ ಕಾಲುಗಳ ನಡುವಿನ ನೆರಿಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ನಿಂತಾಗ ನೆರಿಗೆ ಇದೆ ಅಂತಲೇ ಗೊತ್ತಾಗಬಾರದು, ಕೂತಾಗ ಒಂದು ಎಳೆಯೂ ಮುಚ್ಚಿರಬಾರದು, ಇಷ್ಟೇ ನಿಮ್ಮ ಕೆಲಸ ಅಂತ ಅವರು ಹೇಳಿಹೋದರು. ಅದನ್ನು ಮಾಸ್ಟ್ರು ಮೂವತ್ತೊಂದು ವರ್ಷ ವೇದವಾಕ್ಯದಂತೆ ಪಾಲಿಸಿದರು. ಚಡ್ಡಿ ಅಂಗಿ ಬಿಟ್ಟರು, ಹೆಸರೂ ಬಿಟ್ಟುಹೋಯಿತು, ನೆರಿಗೆ ಮಾಸ್ಟ್ರು ಅಂತಲೇ ಆಯಿತು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಹುಕ್ಕು, ಕಾಜ, ಇಸ್ತ್ರಿ ಎಲ್ಲ ಅಕ್ಕನದು. ಹೆಂಗಸರ ಅಳತೆ ತೆಗೆಯುವುದೂ ಅವರೇ. ಅಕ್ಕ ಟೇಪು ಹಿಡಿದು ಅಂಕಿ ಕೂಗುತ್ತಾರೆ, ಮಾಸ್ಟ್ರು ಗೋಡೆಯ ಕಡೆ ತಿರುಗಿ ಬರೆದುಕೊಳ್ಳುತ್ತಾರೆ. ಇಬ್ಬರೂ ಮೂರು ದಶಕ ಹೀಗೆ ಸಂಸಾರ ಮಾಡಿದವರು.

ಇತ್ತೀಚಿನ ಹತ್ತು ವರ್ಷದಲ್ಲಿ ಅವರಿಗೆ ತಲೆಬಿಸಿ ಶುರುವಾಯಿತು. ಒಬ್ಬಳು ಬಂದು ಉಡುಪಿಗೆ ಜೇಬು ಬೇಕು ಅಂದಳು. ನೃತ್ಯದ ನಡುವೆ ಜೇಬಿನಿಂದ ಫೋನು ತೆಗೆದು ನೋಡುವುದು ಅಭಿನಯದ ಭಾಗವಂತೆ. ಇನ್ನೊಬ್ಬರು ಗೋಣಿಯಂಥ ಬೂದು ಬಟ್ಟೆ ತಂದು, ಇದರಲ್ಲೇ ಹೊಲಿಯಿರಿ, ಹೊಳಪು ಸುಳ್ಳು ಹೇಳುತ್ತದೆ ಅಂದರು. ಒಂದು ತಂಡವಂತೂ ಹೊಲಿದ ಉಡುಪನ್ನೆಲ್ಲ ವಾಪಸ್ಸು ಕಳಿಸಿತು. ಕಾರಣ, ಹೊಲಿಗೆ ತುಂಬಾ ನೀಟಾಗಿತ್ತು. ಅವರಿಗೆ ಅಪೂರ್ಣತೆ ಬೇಕಿತ್ತು, ಅಂಚಿನಲ್ಲಿ ದಾರ ನೇತಾಡಬೇಕಿತ್ತು. ದಾರ ಬಿಟ್ಟಿದ್ದಕ್ಕೆ ನಮ್ಮಪ್ಪ ಅಡಿಕೋಲಿನಲ್ಲಿ ಬಾರಿಸುತ್ತಿದ್ದ, ಈಗ ಅದನ್ನೇ ಕಲೆ ಅಂತಾರೆ ನೋಡು ತಂಗಿ ಅಂತ ಮಾಸ್ಟ್ರು ಒಂದು ವಾರ ನನ್ನ ಕೌಂಟರಿನ ಮುಂದೆ ನಿಂತು ಗೊಣಗಿದರು. ಆದರೆ ಹೊಲಿದುಕೊಟ್ಟರು. ಅಕ್ಕ ಹೇಳಿದ್ದು, ನೇತಾಡುವ ಒಂದೊಂದು ದಾರಕ್ಕೂ ಒಳಗಿನಿಂದ ಗಂಟು ಹಾಕಿದ್ದರಂತೆ, ಹೊಲಿಗೆ ಬಿಚ್ಚಿಹೋಗದಿರಲಿ ಅಂತ.

ಹೀಗಿರುವಾಗ ಕಾನ್ಸೆಪ್ಟ್ ಮೇಡಂ ಫೋನು ಮಾಡಿದರು. ಈ ಹೆಸರು ಮಾಸ್ಟ್ರು ಇಟ್ಟಿದ್ದು. ಆಕೆ ನೃತ್ಯ ನಿರ್ದೇಶಕಿ, ನಲವತ್ತರ ಆಸುಪಾಸು. ಸಂಪ್ರದಾಯದಲ್ಲಿ ಹದಿನೈದು ವರ್ಷ ಬೆವರು ಸುರಿಸಿ ಕಲಿತವರು, ಅವರ ಅರೆಮಂಡಿ ಅಲ್ಲಾಡುವುದಿಲ್ಲ ಅಂತ ಮಾಸ್ಟ್ರೇ ಒಪ್ಪುತ್ತಿದ್ದರು. ಬಾಯಿ ಬಿಟ್ಟರೆ ಮಾತ್ರ ಕಾನ್ಸೆಪ್ಟು. ಆದರೆ ಈ ಸಲ ಆಕೆ ಕೇಳಿದ್ದು ಐದು ಉಡುಪು, ಕಡುಗೆಂಪು ರೇಷ್ಮೆ, ಸಾಸಿವೆ ಬಣ್ಣದ ಅಂಚು, ಹಳೇ ಕಾಲದ ಕಟ್ಟು, ಐದಕ್ಕೂ ಅದೇ ನೆರಿಗೆ. ಕೊನೆಗೂ ಒಬ್ಬರಿಗೆ ಬುದ್ಧಿ ಬಂತು ಅಂತ ಮಾಸ್ಟ್ರು ಆ ದಿನ ನನಗೂ ಟೀ ತರಿಸಿದರು. ಮಿಷನ್ನು ಮಧ್ಯಾಹ್ನವೆಲ್ಲ ಒಂದೇ ಸಮ ಓಡಿತು.

ಅಳತೆಯ ದಿನ ನನ್ನ ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತು. ನಾಲ್ವರು ನರ್ತಕಿಯರು ಇಳಿದು ಮೆಟ್ಟಿಲ ಕಡೆ ನಡೆದರು. ಐದನೆಯವರು ಇಳಿದದ್ದು ಗಾಲಿಕುರ್ಚಿಯಲ್ಲಿ. ಆಕೆ ತಲೆಯೆತ್ತಿ ಮಹಡಿ ಮೆಟ್ಟಿಲು ನೋಡಿದರು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಒಂದು ತಿರುವು, ದಪ್ಪಗಿರುವವರು ಎದುರಾದರೆ ಒಬ್ಬರು ಹಿಂದಕ್ಕಿಳಿಯಬೇಕು. ಗಾಲಿಕುರ್ಚಿಯ ವಿಷಯ ಮಾಸ್ಟ್ರಿಗೆ ಯಾರೂ ಹೇಳಿರಲಿಲ್ಲ. ಮೆಟ್ಟಿಲ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. ನಾಲ್ಕು ಜನ ಸೇರಿ ಎತ್ತಿಕೊಂಡು ಹೋದರಾಯಿತು ಅಂತ ಜೊತೆಗೆ ಬಂದಿದ್ದ ಮೇಡಂ ಸಲೀಸಾಗಿ ಅಂದರು. ಎತ್ತಿಸಿಕೊಳ್ಳುವುದಕ್ಕೆ ನಾನೇನು ಬೀರುವಲ್ಲ ಅಂತ ಆಕೆ ಅಷ್ಟೇ ಸಲೀಸಾಗಿ ಅಂದರು.

ಹೀಗಾಗಿ ಅಳತೆ ನನ್ನ ಅಂಗಡಿಯಲ್ಲಿ ನಡೆಯಿತು. ಮಿಷನ್ನು ಇಳಿಸುವುದಕ್ಕೆ ಇಟ್ಟುಕೊಂಡಿದ್ದ ಹಲಗೆಯನ್ನು ಎರಡು ಮೆಟ್ಟಿಲಿಗೆ ಹಾಸಿ ಕುರ್ಚಿ ಒಳಗೆ ತಂದೆವು. ಹತ್ತಡಿ ಹನ್ನೆರಡಡಿ ಜಾಗದಲ್ಲಿ ಎರಡು ಜೆರಾಕ್ಸ್ ಮಿಷನ್ನು, ಒಂದು ಲ್ಯಾಮಿನೇಶನ್ನು, ಅಡ್ಡಕ್ಕೆ ಕಟ್ಟಿದ ಬೆಡ್‌ಶೀಟು. ಅದರಾಚೆ ಬಾಡಿಗೆ ಕರಾರಿನ ಪ್ರತಿಗೆ ಕಾದ ಗಿರಾಕಿಗಳು, ಈಚೆ ಅಕ್ಕ, ಟೇಪು, ಗೋಡೆಗೆ ಮುಖ ಮಾಡಿದ ಮಾಸ್ಟ್ರು. ನಿಂತ ಅಳತೆ ಬೇಕಿತ್ತಲ್ಲ ಅಂತ ಅವರು ಗೋಡೆಗೇ ಹೇಳಿದರು.

"ನಾನು ನಿಲ್ಲೋದಿಲ್ಲ ಮಾಸ್ಟ್ರೇ. ಕೂತೇ ಕುಣಿಯೋದು. ಕೂತ ಅಳತೇನೇ ತಗೊಳ್ಳಿ" ಅಂದರು ಆಕೆ.

ಆಕೆ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ವಯಸ್ಸು ಮೂವತ್ತೆಂಟು. ಎಳವೆಯಲ್ಲಿ ಬಂದ ಜ್ವರದಿಂದ ಕಾಲಿನ ಬಲ ಹೋಗಿತ್ತು. ಆರು ವರ್ಷದ ಹಿಂದೆ ಮೇಡಂ ಹತ್ತಿರ ನೃತ್ಯಕ್ಕೆ ಸೇರಿದ್ದರು. ಕೈ, ಕತ್ತು, ಕಣ್ಣು, ಬೆನ್ನು ಇಷ್ಟರಲ್ಲೇ ನೃತ್ಯ; ಕಾಲಿನ ತಟ್ಟು ಬರಬೇಕಾದ ಕಡೆ ಅಂಗೈಯಿಂದ ಗಾಲಿಯ ಸುತ್ತಿನ ಕೊಳವೆಗೆ ತಟ್ಟುತ್ತಿದ್ದರು. ಮೇಡಂ ಈಗ ಕಟ್ಟುತ್ತಿದ್ದದ್ದು ಕಾಯುವುದರ ಬಗ್ಗೆ ಒಂದು ನೃತ್ಯ. ಹಳೇ ಶೃಂಗಾರ ಪದಗಳಲ್ಲಿ ನಾಯಿಕೆ ನಲ್ಲನಿಗಾಗಿ ಕಾಯುತ್ತಾಳೆ. ಇಲ್ಲಿ ಐವರು ಹೆಂಗಸರು ಯಾವುದೋ ಕಚೇರಿಯಲ್ಲಿ ಟೋಕನ್ ಹಿಡಿದು ಕಾಯುತ್ತಾರೆ. ಹಾಡು ಇಲ್ಲ; ಇರುವುದು ತಾಳ, ತಕಧಿಮಿಯ ಜತಿ, ನಡುನಡುವೆ ಟೋಕನ್ ನಂಬರು ಕೂಗುವ ದನಿ. ಎಲ್ಲರೂ ಕೂರಲು ಕುರ್ಚಿ ಹುಡುಕುತ್ತಿದ್ದಾರೆ, ಇವರೊಬ್ಬರು ಕುರ್ಚಿ ತಂದುಕೊಂಡೇ ಬಂದಿದ್ದಾರೆ. ಇದನ್ನು ಕೇಳಿ ನನಗೆ ನಗು ಬಂತು. ಮಾಸ್ಟ್ರಿಗೆ ಬರಲಿಲ್ಲ.

ಮೊದಲ ಟ್ರಯಲ್ ಹಾಳಾಯಿತು. ಕೂತವರ ಹಿಂಭಾಗಕ್ಕೆ ಬಟ್ಟೆ ಹೆಚ್ಚು ಬೇಕು, ಮುಂಭಾಗಕ್ಕೆ ಕಡಿಮೆ ಸಾಕು. ಟೀಚರು ಮೊದಲೇ ಇದನ್ನು ಹೇಳಿದ್ದರು, ಮಾಸ್ಟ್ರು ಬರೆದುಕೊಂಡಿರಲಿಲ್ಲ. ಸೊಂಟದ ಹಿಂದೆ ಬಟ್ಟೆ ಜಾರಿತು, ಹೊಟ್ಟೆಯ ಮುಂದೆ ಗಂಟು ಕಟ್ಟಿತು. ಟೀಚರು ನನ್ನಿಂದ ಒಂದು ಹಾಳೆ ಇಸಿದುಕೊಂಡು ತಪ್ಪುಗಳನ್ನು ಒಂದರ ಕೆಳಗೊಂದು ಬರೆದು, ಮೇಲೆ ಕೆಂಪು ಪೆನ್ನಿನಲ್ಲಿ ಹತ್ತಕ್ಕೆ ಮೂರು ಅಂತ ಹಾಕಿ ಕೊಟ್ಟರು. ಅಷ್ಟು ವಯಸ್ಸಿನ ಮನುಷ್ಯನಿಗೆ ಫೇಲಾದ ಸಂಕಟ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದರು.

ಎರಡನೇ ಟ್ರಯಲ್ಲಿಗೆ ಸೊಂಟ ಸರಿಹೋಯಿತು. ನೆರಿಗೆ ಸರಿಹೋಗಲಿಲ್ಲ. ಆ ದಿನ ಬೆಳಿಗ್ಗೆಯೇ ಉಳಿದ ನಾಲ್ವರು ಮಹಡಿಯಲ್ಲಿ ತೊಟ್ಟು ನೋಡಿದ್ದರು, ನಾಲ್ಕೂ ಬೀಸಣಿಗೆಯ ಹಾಗೆ ಬಿಚ್ಚಿದ್ದವು. ಅದೇ ಬಟ್ಟೆ, ಅದೇ ಮಡಿಕೆ, ಟೀಚರ ಮಡಿಲಲ್ಲಿ ಮಾತ್ರ ಓದಿ ಮಡಚಿಟ್ಟ ಪೇಪರಿನ ಹಾಗೆ ಸುಮ್ಮನೆ ಬಿದ್ದಿತ್ತು. ಮೊಣಕಾಲು ತಾನಾಗಿ ಪಕ್ಕಕ್ಕೆ ಹೋಗದಿದ್ದರೆ ನೆರಿಗೆಯನ್ನು ಎಳೆಯುವವರಾರು? ಟೀಚರು ಭಾರ ಅಂದರು, ಅಂಚು ಗಾಲಿಗೆ ತಾಗುತ್ತದೆ ಅಂದರು, ಬಿಚ್ಚುವುದಿಲ್ಲ ಅಂದರು. ಮಾಸ್ಟ್ರಿಗೆ ರೇಗಿತು.

"ನಾಲ್ಕು ಜನಕ್ಕೆ ಬಿಚ್ಚಿದ ನೆರಿಗೆ ಇದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟರು.

ಗಾದೆ ಬಾಯಿಂದ ಜಾರಿದ ಮೇಲೆ ಅದರ ಅರ್ಥ ಅವರಿಗೆ ತಗಲಿತು. ಮುಖ ಬಿಳಿಚಿಕೊಂಡಿತು. ಅಕ್ಕ ಟೇಪು ಕೆಳಗೆ ಬಿಟ್ಟರು. ನಾನು ಮಿಷನ್ನು ನಿಲ್ಲಿಸಿದೆ. ಬೆಡ್‌ಶೀಟಿನಾಚೆ ಪ್ರತಿಗೆ ಕಾಯುತ್ತಿದ್ದವನೂ ಕೆಮ್ಮುವುದನ್ನು ನಿಲ್ಲಿಸಿದ.

ಟೀಚರು ಅಂಚಿನ ಬಟ್ಟೆಯನ್ನು ಗಾಲಿಯಿಂದ ಬಿಡಿಸಿಕೊಳ್ಳುತ್ತಾ ತಲೆಯೆತ್ತದೆ ಹೇಳಿದರು: "ನೆಲ ಡೊಂಕಾಗೇ ಇದೆ ಮಾಸ್ಟ್ರೇ. ನಿಮ್ಮ ಅಂಗಡಿಗೆ ಇಪ್ಪತ್ತೆರಡು ಮೆಟ್ಟಿಲು. ಇವರ ಅಂಗಡಿಗೆ ಎರಡು. ನಮ್ಮ ಸ್ಕೂಲಿಗೆ ಐದು. ನಾನು ಲೆಕ್ಕದ ಟೀಚರು, ಎಣಿಸಿಟ್ಟಿದ್ದೀನಿ."

ಮಾಸ್ಟ್ರು ಮಹಡಿ ಹತ್ತಿದರು. ಆ ದಿನ ಮಿಷನ್ನು ಓಡಲೇ ಇಲ್ಲ. ಅಕ್ಕ ಗಂಡನಿಗೆ ಅಂದ ಮಾತುಗಳು ಮಾತ್ರ ಸೀಲಿಂಗು ದಾಟಿ ನನಗೂ ಕೇಳಿಸಿದವು, ಅವನ್ನು ಇಲ್ಲಿ ಬರೆಯುವುದಿಲ್ಲ.

ತಪ್ಪಾಯಿತು ಅನ್ನುವ ಮಾತು ಆ ಮನುಷ್ಯನ ಜಾಯಮಾನದಲ್ಲೇ ಇಲ್ಲ. ಬದಲಿಗೆ ನಾಲ್ಕನೇ ದಿನ ಹೊಸ ಉಡುಪು ಹೊಲಿದುಕೊಂಡು ಇಳಿದರು. ಕಾಲು ಬಿಟ್ಟು, ನೆರಿಗೆಯನ್ನು ತೋಳಿಗೆ ಕೊಟ್ಟಿದ್ದರು, ಮಣಿಕಟ್ಟಿನಿಂದ ಸೊಂಟದವರೆಗೆ. ಕೈ ಎತ್ತಿದರೆ ಎರಡೂ ಕಡೆ ಅರಳುತ್ತಿತ್ತು. ನೋಡಲು ಬಾವಲಿಯ ಹಾಗಿತ್ತು ಅಂತ ನನಗನ್ನಿಸಿತು, ಬಾಯಿ ಮುಚ್ಚಿಕೊಂಡೆ. ಟೀಚರು ಒಂದು ಸಲ ಕೈ ಎತ್ತಿ ನೋಡಿಕೊಂಡರು, ಆಮೇಲೆ ಕುರ್ಚಿ ಮುಂದಕ್ಕೆ ತಳ್ಳಿದರು. ಬಲತೋಳಿನ ಬಟ್ಟೆ ಗಾಲಿಯ ಕಡ್ಡಿಗಳಿಗೆ ಸಿಕ್ಕಿ, ಸುತ್ತಿ, ಆಕೆಯನ್ನು ಪಕ್ಕಕ್ಕೆ ಎಳೆಯಿತು. ಬೀಳುವಷ್ಟರಲ್ಲಿ ಅಕ್ಕ ಹಿಡಿದುಕೊಂಡರು. ಮೊಣಕೈ ತರಚಿತು. ಮಾಸ್ಟ್ರು ಕತ್ತರಿ ತಂದು, ತಾವೇ ಹೊಲಿದ ರೇಷ್ಮೆಯನ್ನು ಕೊಚಕೊಚ ಕತ್ತರಿಸಿ ಬಿಡಿಸಿದರು.

ನನ್ನ ಕೈಲಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂತ ಅವರು ಮೇಡಂಗೆ ಫೋನು ಮಾಡಿ ಹೇಳಿದರು. ಮೇಡಂ ಮಾರನೇ ದಿನವೇ ಟೀಚರ ಜೊತೆ ಬಂದರು. ಅವರ ಮುಖದಲ್ಲಿ ಬೇಸರವೇ ಇರಲಿಲ್ಲ. ಎರಡನೇ ಟ್ರಯಲ್ಲಿನ ಉಡುಪೇ ಇರಲಿ, ನೆರಿಗೆ ಮುಚ್ಚಿಕೊಂಡೇ ಇರಲಿ, ನಾಲ್ಕು ಬಿಚ್ಚುತ್ತವೆ, ಒಂದು ಬಿಚ್ಚುವುದಿಲ್ಲ, ಅವಕಾಶ ಸಿಗದವರ ಸಂಕೇತ ಅದು, ಕಾನ್ಸೆಪ್ಟಿಗೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ ಅಂದರು.

"ನನ್ನ ಮಡಿಲಲ್ಲಿ ಸಂಕೇತ ಬೇಡ ಮೇಡಂ, ನೆರಿಗೆ ಬೇಕು" ಅಂದರು ಟೀಚರು.

ಗೋಡೆಯ ಕಡೆಯಿಂದ ಮಾಸ್ಟ್ರೂ ದನಿಗೂಡಿಸಿದರು: "ಮುಚ್ಚಿದ ನೆರಿಗೆ ಅಂದ್ರೆ ಹೊಲಿಯೋಕೆ ಬಾರದವನ ಸಂಕೇತ. ನಾನು ಕೊಡಲ್ಲ."

ಇಬ್ಬರೂ ಒಂದೇ ಪಕ್ಷಕ್ಕೆ ಬಂದರಲ್ಲ ಅಂತ ನನಗೆ ಸಮಾಧಾನವಾಯಿತು. ಅರ್ಧ ನಿಮಿಷ ಕಳೆಯಲಿಲ್ಲ, ಹೊಲಿಯುವುದು ಹೇಗೆ ಅಂತ ಅವರಿಬ್ಬರೇ ಮತ್ತೆ ಕಿತ್ತಾಡತೊಡಗಿದರು.

ಮುಂದಿನ ಹತ್ತು ದಿನ ಅಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ಊಟಕ್ಕೆ ಕೂತರೆ ನಿಮ್ಮ ಮಾಸ್ಟ್ರು ಟವೆಲ್ಲು ಮಡಚುತ್ತಾರೆ, ಪೇಪರು ಬಂದರೆ ಓದುವ ಮೊದಲೇ ನೆರಿಗೆ ಹಿಡಿಯುತ್ತಾರೆ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿಗೆ ನೆಲದ ಮೇಲೆ ಕೂತು ದುರುಗುಟ್ಟಿ ನೋಡುತ್ತಾರೆ, ಮದುವೆಯಾದ ಹೊಸತರಲ್ಲೂ ಇಷ್ಟು ನೋಡಿರಲಿಲ್ಲ ಅಂತ ನನ್ನ ಹತ್ತಿರ ಹೇಳಿಕೊಂಡರು. ಬೇರೆ ಗಿರಾಕಿಗಳ ಕೆಲಸವೆಲ್ಲ ಹಿಂದೆ ಬಿತ್ತು. ಅವರು ಬಂದು ನನ್ನನ್ನು ಕೇಳುತ್ತಿದ್ದರು. ನಾನೇನು ಹೇಳಲಿ?

ಪರೀಕ್ಷೆಯ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಸಲು ಟೀಚರು ಒಂದು ಮಧ್ಯಾಹ್ನ ಒಬ್ಬರೇ ಬಂದರು, ನಾನು ಹಲಗೆ ಹಾಸಿದೆ. ಕುರ್ಚಿಯ ಸದ್ದಿಗೋ ಏನೋ, ಮಾಸ್ಟ್ರು ಕೆಳಗಿಳಿದರು. ಹೇಗಿದ್ದೀರಿ ಅಂತ ಕೇಳುವ ಬದಲು, ನಿಮ್ಮ ದೇಹದಲ್ಲಿ ಯಾವ ಭಾಗವೂ ಸರಿಯಾಗಿ ಬಿಚ್ಚಿ ಮುಚ್ಚುವುದಿಲ್ಲ, ನಾನಾದರೂ ಏನು ಮಾಡಲಿ ಅಂತ ಶುರುಮಾಡಿದರು. ಟೀಚರು ಕೋಪದಿಂದ ಬಾಗಿ, ಕೆಳಗೆ ಬಿದ್ದಿದ್ದ ಹಾಳೆ ಎತ್ತಿಕೊಂಡು ನೆಟ್ಟಗೆ ಕೂತರು. ಹಾಗೆ ಕೂತವರಿಗೆ ಏನೋ ಹೊಳೆಯಿತು. ಮತ್ತೊಮ್ಮೆ ಬಾಗಿದರು, ಮತ್ತೊಮ್ಮೆ ಎದ್ದರು. ಮಿಷನ್ನಿನಲ್ಲಿ ಸಿಕ್ಕಿಕೊಂಡು ಹಾಳಾದ ದೊಡ್ಡ ಹಾಳೆಯೊಂದನ್ನು ನನ್ನಿಂದ ಕೇಳಿ ಪಡೆದು, ಮಡಿಲ ಮೇಲಿಟ್ಟು ನೆರಿಗೆ ಹಿಡಿದರು. ಮೊದಲು ಮಾಸ್ಟ್ರು ಹೊಲಿಯುವ ಹಾಗೆ, ಮಡಿಕೆಗಳು ಉದ್ದಕ್ಕೆ ಇಳಿಯುವಂತೆ ಇಟ್ಟರು. ಬಾಗಿ ಎದ್ದರೂ ಏನೂ ಆಗಲಿಲ್ಲ. ಆಮೇಲೆ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿದರು. ಒಂದು ಅಂಚನ್ನು ಮೊಣಕಾಲ ಮೇಲೆ ಒತ್ತಿಹಿಡಿದು, ಇನ್ನೊಂದನ್ನು ಎದೆಗೆ ಆನಿಸಿಕೊಂಡು, ಮುಖ ಮೊಣಕಾಲಿಗೆ ತಾಗುವಷ್ಟು ಬಾಗಿದರು. ಮಡಿಕೆಗಳೆಲ್ಲ ಒಂದರೊಳಗೊಂದು ಸೇರಿ ಮಾಯವಾದವು. ನಿಧಾನವಾಗಿ ಬೆನ್ನೆತ್ತಿದರು. ಹಾರ್ಮೋನಿಯಂ ತಿದಿಯ ಹಾಗೆ ಹಾಳೆ ಮಡಿಕೆ ಮಡಿಕೆಯಾಗಿ ಮೊಣಕಾಲಿನಿಂದ ಎದೆಯವರೆಗೆ ಬಿಚ್ಚಿಕೊಂಡಿತು.

"ಮೊಣಕಾಲು ಬೇಡ ಮಾಸ್ಟ್ರೇ, ಕೋನ ಇದ್ರೆ ಸಾಕು. ನನ್ನ ಕೋನ ಸೊಂಟದಲ್ಲಿದೆ" ಅಂದರು.

ಮಾಸ್ಟ್ರು ಹಾಳೆ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಮುಖದಲ್ಲಿ ಸಂತೋಷವಿರಲಿಲ್ಲ, ಯಾರೋ ಕಿಸೆ ಕತ್ತರಿಸಿದ ಹಾಗಿತ್ತು.

"ಮೂವತ್ತೊಂದು ವರ್ಷ ನನಗೆ ಯಾಕೆ ಹೊಳೀಲಿಲ್ಲ ಇದು?"

"ನೀವು ನಿಂತವರನ್ನೇ ನೋಡಿದ್ದು" ಅಂದರು ಟೀಚರು. ಆಮೇಲೆ ಪ್ರಶ್ನೆಪತ್ರಿಕೆ ಎಣಿಸಿಕೊಂಡು, ಎರಡು ಹಾಳೆ ಕಡಿಮೆ ಇವೆ ಅಂತ ನನ್ನನ್ನು ಗದರಿಸಿದರು.

ಕಾಗದ ಮಾಡುವುದನ್ನೆಲ್ಲ ರೇಷ್ಮೆ ಮಾಡುವುದಿಲ್ಲ. ಅಡ್ಡ ನೆರಿಗೆ ತನ್ನ ಭಾರಕ್ಕೆ ತಾನೇ ಜೋತುಬಿತ್ತು. ಇಲ್ಲಿಂದ ಮಾತ್ರ ಮಾಸ್ಟ್ರ ವಿದ್ಯೆ. ಶರ್ಟಿನ ಕಾಲರಿಗೆ ಹಾಕುವ ಗಟ್ಟಿ ಬಕ್ರಂ ಬಟ್ಟೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಒಂದೊಂದು ಮಡಿಕೆಯೊಳಗೂ ಕೂರಿಸಿದರು. ಎರಡೂ ಪಕ್ಕದಲ್ಲಿ ಸಣ್ಣ ಎಲಾಸ್ಟಿಕ್ಕು, ಬಾಗಿದಾಗ ಮಡಿಕೆಗಳು ತಪ್ಪಿಹೋಗದೆ ತಮ್ಮ ತಮ್ಮ ಜಾಗಕ್ಕೆ ವಾಪಸ್ಸು ಬರಲಿ ಅಂತ. ಅಂಚು ಗಾಲಿಯಿಂದ ನಾಲ್ಕು ಬೆರಳು ದೂರ. ಇಪ್ಪತ್ತನಾಲ್ಕು ಮಡಿಕೆ, ಒಂದೊಂದಕ್ಕೂ ಅಕ್ಕ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದರು. ಟ್ರಯಲ್ಲಿಗೆ ಟೀಚರು ಬಂದು ತೊಟ್ಟು, ಮೂರು ಸಲ ಬಾಗಿ ಎದ್ದು, ಹತ್ತಕ್ಕೆ ಎಂಟು ಅಂದರು. ಇನ್ನೆರಡು ಯಾಕೆ ಕಡಿಮೆಯಾಯಿತು ಅಂತ ಮಾಸ್ಟ್ರು ಕೇಳಿದ್ದಕ್ಕೆ, ಕುತ್ತಿಗೆಯ ಹತ್ತಿರ ಬಕ್ರಂ ಚುಚ್ಚುತ್ತದೆ ಅಂತ ಉತ್ತರ ಬಂತು. ಅದನ್ನೂ ಸರಿ ಮಾಡಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಪ್ರದರ್ಶನಕ್ಕೆ ಎಂಟು ದಿನವಿದ್ದಾಗ ಕಾನ್ಸೆಪ್ಟ್ ಮೇಡಂ ಆ ಉಡುಪು ನೋಡಿ ಮೈಮರೆತು, ಐವರಿಗೂ ಇದೇ ಬೇಕು ಅಂದರು. ಒಂದೇ ಉಡುಪು ಅಂತ ತಾನೇ ಮೊದಲಿನಿಂದ ಹೇಳುತ್ತಿರುವುದು ಅಂತ ವಾದ. ಮಾಸ್ಟ್ರು ಒಬ್ಬ ನರ್ತಕಿಯನ್ನು ಕರೆಸಿ, ಹಳೇ ಬಟ್ಟೆಯಲ್ಲಿ ಅಡ್ಡ ನೆರಿಗೆ ಪಿನ್ನು ಮಾಡಿ, ಅರೆಮಂಡಿಗೆ ಕೂರಿಸಿ ತೋರಿಸಿದರು. ಅಂಗಡಿಯ ಷಟರು ಅರ್ಧ ಎಳೆದ ಹಾಗಿತ್ತು. ಮೇಡಂ ಪಟ್ಟು ಬಿಡಲಿಲ್ಲ, ಕಣ್ಣಲ್ಲಿ ನೀರೂ ತಂದುಕೊಂಡರು. ಸಮಾನತೆ ಅಂದರೆ ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಡುವುದಲ್ಲ, ಅವರಿಗೆ ಉದ್ದಕ್ಕೆ ಇರಲಿ, ನನಗೆ ಅಡ್ಡಕ್ಕೆ ಇರಲಿ, ಐದೂ ಒಂದೇ ತಾಳಕ್ಕೆ ಬಿಚ್ಚಿದರೆ ಸಾಕಲ್ಲ ಅಂತ ಟೀಚರು ತರಗತಿಗೆ ಪಾಠ ಮಾಡುವ ದನಿಯಲ್ಲಿ ವಿವರಿಸಿದರು. ಮೇಡಂ ಕಣ್ಣೊರೆಸಿಕೊಂಡು, ಕಾನ್ಸೆಪ್ಟು ಬದಲಾಯಿತು ಅಂತ ಘೋಷಿಸಿದರು. ಮಾಸ್ಟ್ರು ಹಣೆ ಹಣೆ ಚಚ್ಚಿಕೊಂಡರು.

ಪ್ರದರ್ಶನದ ದಿನ ಸಭಾಂಗಣಕ್ಕೆ ನಾನೂ ಅಂಗಡಿ ಮುಚ್ಚಿ ಹೋದೆ. ವೇದಿಕೆಗೆ ಇಳಿಜಾರು ಕಟ್ಟಿಸುತ್ತೇವೆ ಅಂತ ಅಲ್ಲಿನ ಉಸ್ತುವಾರಿಯವರು ತಿಂಗಳ ಹಿಂದೆಯೇ ಒಪ್ಪಿದ್ದರಂತೆ. ಕಟ್ಟಿಸಿದ್ದು ಏಣಿಯಷ್ಟು ಕಡಿದಾದ ಒಂದು ಹಲಗೆ. ಅದರ ಮೇಲೆ ಕುರ್ಚಿ ಹತ್ತಿಸಿದರೆ ಹಿಮ್ಮುಖವಾಗಿ ಉರುಳುವುದು ಖಂಡಿತ. ಇಬ್ಬರು ಗಂಡಸರು ಎತ್ತಲು ಮುಂದೆ ಬಂದರು. ಟೀಚರು ಬ್ರೇಕು ಹಾಕಿಕೊಂಡು ಕೂತುಬಿಟ್ಟರು. ಒಂದು ಗಂಟೆ ಜಗಳವಾಯಿತು. ಕೊನೆಗೆ ಮಾಸ್ಟ್ರೇ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, ಅಷ್ಟು ಕಷ್ಟವಾದರೆ ಆ ನಾಲ್ವರನ್ನೇ ಕೆಳಗಿಳಿಸಿ ಅಂದರು. ಮುಂದಿನ ಮೂರು ಸಾಲು ಕುರ್ಚಿ ತೆಗೆಸಿ, ವೇದಿಕೆಯನ್ನು ಹಿಂದೆ ಖಾಲಿ ಬಿಟ್ಟು, ನೆಲದ ಮೇಲೇ ನೃತ್ಯ ನಡೆಯಿತು.

ವೇದಿಕೆಯೇ ಇಲ್ಲದ ಮೇಲೆ ಪಕ್ಕದ ಪರದೆಯೂ ಇಲ್ಲ. ಯಾವಾಗಲೂ ಸೂಜಿದಾರ ಹಿಡಿದು ಪರದೆಯ ಹಿಂದೆ ನಿಲ್ಲುವ ಮಾಸ್ಟ್ರು ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂರಬೇಕಾಯಿತು. ಟೋಕನ್ ನಂಬರು ಕೂಗಿದ ಹಾಗೆಲ್ಲ ಐವರೂ ತಲೆಯೆತ್ತುವುದು, ತಮ್ಮದಲ್ಲ ಅಂತ ತಿಳಿದು ಮುಖ ಬಾಡುವುದು. ದಿನಾ ನನ್ನ ಕೌಂಟರಿನ ಮುಂದೆ ನೋಡುವ ಮುಖಗಳೇ ಅವು. ಒಂದು ಘಟ್ಟದಲ್ಲಿ ನಾಲ್ವರು ನಿಂತು ಕಾದರು, ಟೀಚರು ಮುಖವನ್ನು ಮೊಣಕಾಲಿಗೆ ಹಚ್ಚಿ ಬಾಗಿದರು. ಎರಡೂ ಅಂಗೈ ಗಾಲಿಗೆ ತಟ್ಟತೊಡಗಿದವು. ಆ ತಟ್ಟಿಗೆ ನಾಲ್ವರ ಹೆಜ್ಜೆ ಸೇರಿತು, ವೇಗ ಏರಿತು, ಕೊನೆಯ ತಟ್ಟಿಗೆ ನಾಲ್ವರು ಅರೆಮಂಡಿಗೆ ಇಳಿದರು, ಟೀಚರು ಬೆನ್ನೆತ್ತಿದರು. ನಾಲ್ಕು ಬೀಸಣಿಗೆ ಪಕ್ಕಕ್ಕೆ ಅರಳಿದವು, ಒಂದು ಮೇಲಕ್ಕೆ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು.

ಮಾಸ್ಟ್ರ ಕಡೆ ನೋಡಿದರೆ ಅವರು ಹಲ್ಲು ಕಡಿಯುತ್ತಿದ್ದರು. ಮೇಲಿನಿಂದ ಎರಡನೇ ಮಡಿಕೆ ಸಿಕ್ಕಿಕೊಂಡಿದೆ ಅಂತ ಪಿಸುಗುಟ್ಟಿದರು. ನನಗೆ ಕಾಣಲಿಲ್ಲ. ಟೀಚರು ಕೈಯನ್ನು ಎದೆಯ ಮುಂದಿನಿಂದ ಆಚೆಗೆ ಚಾಚಿದರು, ನನ್ನ ಸರದಿ ಯಾವಾಗ ಅಂತ ಕೇಳುವ ಹಾಗೆ. ಹಾದುಹೋಗುವಾಗ ಆ ಬೆರಳುಗಳು ಮಡಿಕೆಯನ್ನು ಬಿಡಿಸಿಹಾಕಿದವು. ತಾಳ ಒಂದು ಕೂದಲೆಳೆಯೂ ತಪ್ಪಲಿಲ್ಲ.

ಮುಗಿದ ಮೇಲೆ ಜನ ಸುತ್ತುವರಿದಿದ್ದಾಗ ಮಾಸ್ಟ್ರು ಅವರನ್ನೆಲ್ಲ ತಳ್ಳಿಕೊಂಡು ಹೋಗಿ ಹೇಳಿದ ಮೊದಲ ಮಾತು, "ಎರಡನೇ ಮಡಿಕೆ ಸಿಕ್ಕಿಕೊಳ್ತು."

"ಗೊತ್ತು. ಅದಕ್ಕೇ ಬಿಡಿಸ್ದೆ. ಯಾರಿಗೂ ಗೊತ್ತಾಗ್ಲಿಲ್ಲ."

"ನನಗೆ ಗೊತ್ತಾಯ್ತು."

"ನಿಮಗೆ ಗೊತ್ತಾಗ್ಲಿ ಅಂತಲೇ ಮುಂದೆ ಕೂರಿಸಿದ್ದು" ಅಂದರು ಟೀಚರು. ಇಬ್ಬರೂ ಸಮಾಧಾನವಾಗಿದ್ದರು ಅನ್ನಿಸುತ್ತದೆ. ಆ ಇಬ್ಬರ ವಿಷಯದಲ್ಲಿ ಹೇಳುವುದು ಕಷ್ಟ.

ಆ ವಾರದ ಪೇಪರಿನಲ್ಲಿ ಬರೆದವರು, ವೇದಿಕೆ ಮತ್ತು ಪ್ರೇಕ್ಷಕರ ನಡುವಿನ ಅಂತಸ್ತನ್ನೇ ಅಳಿಸಿಹಾಕಿದ ದಿಟ್ಟ ಆಯ್ಕೆ ಅಂತ ಮೇಡಂ ಅವರನ್ನು ಹಾಡಿಹೊಗಳಿದ್ದರು. ಕಾರ್ಯಕ್ರಮದ ಕರಪತ್ರದಲ್ಲಿ ವಸ್ತ್ರವಿನ್ಯಾಸ ಅನ್ನುವುದರ ಮುಂದೆ ಸಾಮೂಹಿಕ ಅಂತ ಮಾತ್ರ ಇತ್ತು. ಮಾಸ್ಟ್ರು ಅದನ್ನು ಹಿಡಿದುಕೊಂಡು ಬಂದು, ಈ ಸಾಮೂಹಿಕ ಅನ್ನುವವನು ಯಾರು, ಒಂದು ದಿನವೂ ಅಂಗಡಿಗೆ ಬಂದದ್ದು ನೋಡಲಿಲ್ಲವಲ್ಲ ಅಂತ ನನ್ನನ್ನು ಕೇಳಿದರು. ಟೀಚರಿಗೂ ಅಷ್ಟೇ ಉರಿದಿತ್ತು. ಇಬ್ಬರೂ ಒಟ್ಟಿಗೆ ಮೇಡಂಗೆ ಒಂದು ಪತ್ರ ಬರೆದರು, ನಾನು ಪ್ರತಿ ತೆಗೆದುಕೊಟ್ಟೆ. ಮುಂದಿನ ಊರಿನ ಕರಪತ್ರದಲ್ಲಿ ಇಬ್ಬರ ಹೆಸರೂ ಬಂತು. ಮಾಸ್ಟ್ರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು.

ಆಮೇಲೆ ಗಾಲಿಕುರ್ಚಿಯ ನರ್ತಕಿಯರು ಇನ್ನೂ ಮೂವರು ಹುಡುಕಿಕೊಂಡು ಬಂದರು, ಊರುಗೋಲಿನವರೊಬ್ಬರು ಬಂದರು, ಮಂಡಿನೋವಿನಿಂದ ಅರೆಮಂಡಿ ಬಿಟ್ಟ ಅರವತ್ತೈದರ ಹಿರಿಯ ನರ್ತಕಿಯೂ ಬಂದರು. ಪ್ರತಿ ಸಲ ನನ್ನ ಅಂಗಡಿಯಲ್ಲೇ ಬೆಡ್‌ಶೀಟು ಏರುವುದು, ಗಿರಾಕಿಗಳು ಬೀದಿಯಲ್ಲಿ ನಿಲ್ಲುವುದು. ನಾಲ್ಕನೇ ಸಲಕ್ಕೆ ನನಗೂ ತಾಳ್ಮೆ ಮುಗಿಯಿತು, ನೀವು ಕೆಳಗೇ ಬನ್ನಿ ಮಾಸ್ಟ್ರೇ ಅಂದೆ. ನನ್ನ ಅಂಗಡಿಯ ಹಿಂದೆ ನೀರಿನ ಮೋಟಾರಿಗೆ ಅಂಟಿಕೊಂಡ ಒಂದು ಕೋಣೆ ಖಾಲಿಯಿತ್ತು. ಚಿಕ್ಕದು, ಗೋಡೆ ತೇವ, ಬೆಳಕು ಕಡಿಮೆ. ಆದರೆ ಪಕ್ಕದ ಓಣಿಯಿಂದ ಬಂದರೆ ಒಂದೂ ಮೆಟ್ಟಿಲಿಲ್ಲ. ಮಾಸ್ಟ್ರು ಒಂದು ತಿಂಗಳು ಕೊಸರಾಡಿ ಇಳಿದುಬಂದರು. ಮೋ‌ಟಾರು ಓಡಿದಾಗ ಹೊಲಿಗೆ ಅಲುಗುತ್ತದೆ, ತೇವಕ್ಕೆ ಬಕ್ರಂ ಮೆತ್ತಗಾಗುತ್ತದೆ, ಬೆಳಕಿಲ್ಲದೆ ಕೆಂಪಿಗೂ ಕಂದಿಗೂ ವ್ಯತ್ಯಾಸ ಕಾಣುವುದಿಲ್ಲ ಅಂತ ದಿನಾ ದೂರುತ್ತಾರೆ. ಮೆಟ್ಟಿಲು ಹತ್ತಿಳಿಯುವುದು ತಪ್ಪಿದ್ದಕ್ಕೆ ಅಕ್ಕ ಮಾತ್ರ ಖುಷಿಯಾಗಿದ್ದಾರೆ.

ಹೋದ ತಿಂಗಳು ಟೀಚರು ಬಂದಿದ್ದರು. ಈಗ ತಾವೇ ಒಂದು ಏಕವ್ಯಕ್ತಿ ನೃತ್ಯ ಕಟ್ಟುತ್ತಿದ್ದಾರೆ. ಇದರ ಕಾನ್ಸೆಪ್ಟು ಏನು ಅಂತ ಮಾಸ್ಟ್ರು ಹೆದರಿಕೊಂಡೇ ಕೇಳಿದರು. ಏನೂ ಇಲ್ಲ, ನಿಧಾನ, ನಡು, ಜೋರು ಅಂತ ಮೂರು ಕಾಲದಲ್ಲಿ ಶುದ್ಧ ನೃತ್ಯ, ಅಷ್ಟೇ ಅಂದರು ಟೀಚರು. ಮಾಸ್ಟ್ರ ಮುಖ ಅರಳಿತು. ಬಟ್ಟೆ ಕಪ್ಪು ಬೇಕು ಅಂದ ತಕ್ಷಣ ಮತ್ತೆ ಮುದುಡಿತು. ದೀಪದ ಕೆಳಗೆ ಕಪ್ಪಿನ ನೆರಿಗೆ ಕಾಣುವುದೇ ಇಲ್ಲ, ಇಪ್ಪತ್ತನಾಲ್ಕು ಮಡಿಕೆ ಯಾರಿಗಾಗಿ ಹೊಲಿಯಲಿ ಅನ್ನುವುದು ಮಾಸ್ಟ್ರ ವಾದ. ಕಪ್ಪಿನ ಮೇಲೆ ಕೈ ಚೆನ್ನಾಗಿ ಕಾಣುತ್ತದೆ ಅನ್ನುವುದು ಟೀಚರ ವಾದ. ಮಡಿಕೆಯ ಒಳಮೈಗೆ ಮಾತ್ರ ಕೆಂಪು ಕೊಡಲೇ ಅಂತ ಮೊನ್ನೆ ಮಾಸ್ಟ್ರು ಕೇಳಿದ್ದಾರೆ. ಯೋಚಿಸಿ ಹೇಳುತ್ತೇನೆ ಅಂತ ಟೀಚರು ಹೋಗಿದ್ದಾರೆ. ಇನ್ನೂ ಏನೂ ಹೇಳಿಲ್ಲ. ಅಷ್ಟರೊಳಗೆ ಇವರು ಕೆಂಪು ಬಟ್ಟೆ ಕತ್ತರಿಸಿ ಕೂತಿದ್ದಾರೆ, ಅವರು ಬೇಡ ಅಂದರೆ ಏನು ಮಾಡುತ್ತೀರಿ ಅಂತ ಅಕ್ಕ ಬೆಳಿಗ್ಗೆಯಿಂದ ಬೈಯುತ್ತಿದ್ದಾರೆ.